ಗುಂಡಿ ಒತ್ತುವ ಮೊದಲು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲ್ಲೂಕುಗಳ ಕಿವಿಗಳೇ ನನ್ನ ಹೊಟ್ಟೆಪಾಡು. ನಾನು ಆಡಿಯಾಲಜಿಸ್ಟ್. ಕೆಳಗಿನ ಪಾಠಗಳಲ್ಲಿ ಅರ್ಧದಷ್ಟು ನನ್ನ ತಪ್ಪುಗಳಿಂದಲೇ ಬಂದವು.

1. ಮೊದಲು ಕಿವಿಯೊಳಗೆ ನೋಡು. ಹೊಸದರಲ್ಲಿ, ಸವದತ್ತಿ ಕಡೆಯ ಶಿಬಿರವೊಂದರಲ್ಲಿ ಅಜ್ಜನೊಬ್ಬನಿಗೆ ಇಪ್ಪತ್ತು ನಿಮಿಷ ಆಡಿಯೋಮೆಟ್ರಿ ಮಾಡಿ, 'ಶ್ರವಣಯಂತ್ರ ಬೇಕು' ಎಂದು ಬರೆದೇಬಿಟ್ಟೆ. ಆಮೇಲೆ ಡಾಕ್ಟರು ಬೆಳಕು ಹಾಕಿ ನೋಡಿದರೆ ಎರಡೂ ಕಿವಿಯಲ್ಲಿ ಗುಗ್ಗೆ ಬೆಣೆ ಬಡಿದ ಹಾಗೆ ಕೂತಿತ್ತು. ಅದನ್ನು ತೆಗೆದ ಮೇಲೆ ಅಜ್ಜ ನನ್ನತ್ತ ತಿರುಗಿ, "ತಂಗಿ, ಅಷ್ಟ್ಯಾಕ ಒದರತಿ? ಕೇಳಸತೈತಿ" ಅಂದ.

2. ಕರೆಂಟು ಹೋದರೂ ಟ್ಯೂನಿಂಗ್ ಫೋರ್ಕ್ ಕೈಬಿಡುವುದಿಲ್ಲ. 512 ಹರ್ಟ್ಸ್‌ನ ಫೋರ್ಕನ್ನು ಮೊಣಕೈಗೆ ತಟ್ಟಿ, ಮೊದಲು ಕಿವಿ ಹಿಂದಿನ ಎಲುಬಿಗೆ, ಆಮೇಲೆ ಕಿವಿಯ ಮುಂದೆ ಹಿಡಿಯುತ್ತೇನೆ. ಮುಂದೆಯೇ ಜೋರಾಗಿ ಕೇಳಬೇಕು. ಎಲುಬಿನ ಮೇಲೆ ಜೋರಾದರೆ ತೊಂದರೆ ತಮಟೆಯದೋ ನಡುಗಿವಿಯದೋ ಇರಬಹುದು. ಅಂಥದ್ದು ಬಹಳಷ್ಟು ಸಲ ಔಷಧಿಗೆ, ಆಪರೇಷನ್ನಿಗೆ ಬಗ್ಗುತ್ತದೆ. ಹಣೆಯ ನಡುವೆ ಇಟ್ಟಾಗ ಮಾತ್ರ ಎಚ್ಚರ ಬೇಕು. ಕೀವು ಸೋರುವ ಕಿವಿಯಲ್ಲೇ ಸದ್ದು ಜೋರಾಗಿ ಕೇಳುತ್ತದೆ. 'ಕೆಟ್ಟ ಕಿವಿಯಲ್ಲಿ ಕೇಳಿಸಿತು ಅಂದರೆ ನಗುತ್ತಾರೆ' ಎಂದು ನಾಚಿ ಉತ್ತರವನ್ನೇ ಬದಲಿಸಿದವರನ್ನು ಕಂಡಿದ್ದೇನೆ. ಅದಕ್ಕೇ ಈಗ ಬಾಯಿಂದ ಏನೂ ಕೇಳುವುದಿಲ್ಲ, ಬೆರಳು ಮಾಡಿ ತೋರಿಸಿ ಅನ್ನುತ್ತೇನೆ.

3. ರಾಮದುರ್ಗದ ನೇಕಾರರನ್ನು ಮಗ್ಗದಿಂದ ಎಬ್ಬಿಸಿ ನೇರ ಪರೀಕ್ಷೆಗೆ ಕೂರಿಸಬಾರದು. ದಿನವಿಡೀ ಪವರ್‌ಲೂಮ್ ಸದ್ದು ತಿಂದ ಕಿವಿ ಕೆಲವು ತಾಸು ಮಂಕಾಗಿರುತ್ತದೆ. ಇದ್ದದ್ದಕ್ಕಿಂತ ಹೆಚ್ಚು ಕಿವುಡು ತೋರಿಸುತ್ತದೆ. ಹಾಗೆ ಒಬ್ಬರಿಗೆ ತಪ್ಪು ಗ್ರಾಫ್ ಬರೆದುಕೊಟ್ಟು, ಮುಂದಿನ ವಾರ ನಾನೇ ಹರಿದು ಹಾಕಬೇಕಾಯಿತು. ಈಗ ಮಗ್ಗ ನಿಲ್ಲಿಸಿದ ಮರುದಿನ ಬೆಳಿಗ್ಗೆ ಕರೆಯುತ್ತೇನೆ. ಗುಂಡಿ ಕೈಗಿಟ್ಟು, "ಇರಿವಿ ಹರಿದಷ್ಟು ಸಣ್ಣಗ ಕೇಳಿಸಿದರೂ ಒತ್ರಿ" ಎಂದು ಎರಡು ಸಲ ಹೇಳುತ್ತೇನೆ, ಇಲ್ಲದಿದ್ದರೆ ಜೋರಾಗಿ ಕೇಳಿಸುವ ತನಕ ಕಾಯುತ್ತಾರೆ. ಗ್ರಾಫಿನಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು. ಎರಡೂ ಗೆರೆ ಸಮವಾಗಿ ಬಂದು 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದರೆ ಅದು ಹೆಚ್ಚಾಗಿ ಸದ್ದಿನ ಏಟು. ಅವರ ದೂರೂ ಒಂದೇ: "ಕೇಳತೈತ್ರಿ, ಆದ್ರ ಮಂದಿ ಬಾಯಾಗ ಗೊಣಗತಾರ." ಸ, ಶ ಅಕ್ಷರಗಳು ಮೊದಲು ಮಾಯವಾಗುವುದರಿಂದ ಹಾಗೆ.

4. ಕೂಸನ್ನು ಬಸ್ಸಿನಲ್ಲಿ ಮಲಗಿಸಬೇಡಿ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಬೆರಾ ಪರೀಕ್ಷೆಯಲ್ಲಿ ತಲೆಗೆ ತಂತಿ ಅಂಟಿಸಿ, ಸದ್ದಿಗೆ ನರ ಕೊಡುವ ಉತ್ತರವನ್ನು ಅಳೆಯುತ್ತೇವೆ. ಅದಕ್ಕೆ ಕೂಸು ನಿದ್ದೆಯಲ್ಲಿರಬೇಕು. ಕಿತ್ತೂರಿನಿಂದ ಬರುವ ಕೂಸು ದಾರಿಯುದ್ದಕ್ಕೂ ಮಲಗಿ, ನನ್ನ ಕೋಣೆಗೆ ಬಂದೊಡನೆ ಕಣ್ಣರಳಿಸಿ ನಗುತ್ತದೆ! ಓಎಇ ಎಂಬ ಇನ್ನೊಂದು ಪರೀಕ್ಷೆ ಸುಲಭ, ಕಿವಿಗೆ ಪುಟ್ಟ ತುದಿ ಇಟ್ಟರೆ ಕೆಲವೇ ನಿಮಿಷದ ಕೆಲಸ. ಆದರೆ ಹುಟ್ಟಿದ ಒಂದೆರಡು ದಿನದಲ್ಲಿ ಕಿವಿಯಲ್ಲಿ ನೀರು, ಜಿಡ್ಡು ಇದ್ದರೂ ಫೇಲ್ ಬರುತ್ತದೆ. ಹೆದರದೆ ಮತ್ತೆ ಮಾಡಿಸಬೇಕು. ಕಾಮಾಲೆ ಜೋರಾಗಿದ್ದ ಕೂಸು ಓಎಇಯಲ್ಲಿ ಪಾಸಾದರೂ ಬೆರಾ ಬೇಕೇ ಬೇಕು. "ತಾಟು ಬಡಿದರ ಹೊರಳಿ ನೋಡತೈತ್ರಿ" ಅನ್ನುವ ಅಜ್ಜಿಯರ ಮಾತನ್ನು ನಾನು ನಂಬುವುದಿಲ್ಲ, ಅಷ್ಟು ಜೋರು ಸದ್ದಿಗೆ ಅರೆಗಿವುಡು ಕೂಸೂ ಹೊರಳುತ್ತದೆ. ಸೋದರಮಾವನ ಜೊತೆ ಮದುವೆ ನಡೆದ ಮನೆಯಾದರಂತೂ ಇನ್ನಷ್ಟು ಎಚ್ಚರ. ಮೂರು ತಿಂಗಳೊಳಗೆ ಗೊತ್ತಾಗಬೇಕು, ಆರರೊಳಗೆ ಚಿಕಿತ್ಸೆ ಶುರುವಾಗಬೇಕು.

5. 'ತಲಿ ತಿರಗತೈತಿ' ಎಂಬುದು ಒಂದು ರೋಗವಲ್ಲ. ನಿಂತಾಗ ಕಣ್ಣಿಗೆ ಕತ್ತಲೆಯೋ? ಹಾಗಾದರೆ ಮಲಗಿಸಿ, ನಿಲ್ಲಿಸಿ ಬಿಪಿ ನೋಡಬೇಕು. ಮಾತು ತೊದಲಿದರೆ, ಒಂದು ಕೈ ಸೋತರೆ ನನ್ನ ಹತ್ತಿರ ಬರಲೇಬಾರದು, ಅಂಬ್ಯುಲೆನ್ಸ್ ಕರೆಯಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆಯೇ ತಿರುಗುತ್ತದೆಯೋ? ಆಗ ನನ್ನ ಸರದಿ.

ಬೈಲಹೊಂಗಲದ ಹತ್ತಿರದ ಹಳ್ಳಿಯ ಅಕ್ಕ ಒಬ್ಬರು ಎರಡು ತಿಂಗಳಲ್ಲಿ ಐದು ಸಲೈನ್ ಏರಿಸಿಕೊಂಡಿದ್ದರು, ಯಲ್ಲಮ್ಮನ ಗುಡ್ಡಕ್ಕೆ ಹರಕೆಯನ್ನೂ ಹೊತ್ತಿದ್ದರು. ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ತಲೆ ಮಂಚದಂಚಿನಿಂದ ಸ್ವಲ್ಪ ಕೆಳಗಿಳಿಯುವಂತೆ ಸರ್ರನೆ ಮಲಗಿಸಿದೆ. ಡಿಕ್ಸ್-ಹಾಲ್‌ಪೈಕ್ ಅಂದರೆ ಇಷ್ಟೇ. ನಾಲ್ಕೈದು ಸೆಕೆಂಡ್ ಏನೂ ಇಲ್ಲ. ಆಮೇಲೆ ಅವರು "ಯವ್ವಾ!" ಎಂದು ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು. "ಕಣ್ಣು ತೆರೀರಿ ಅಕ್ಕಾರ, ನನ್ನ ಮೂಗು ನೋಡ್ರಿ" ಅಂದೆ. ಕಣ್ಣುಗುಡ್ಡೆ ಕೆಳಗಿನ ಕಿವಿಯತ್ತ ಜಗ್ಗಿ ಜಗ್ಗಿ ಸುತ್ತುತ್ತಿತ್ತು. ಅರ್ಧ ನಿಮಿಷದಲ್ಲಿ ತಾನೇ ನಿಂತಿತು. ಒಳಗಿವಿಯ ಸಣ್ಣ ಸುಣ್ಣದ ಹರಳು ಜಾಗ ಬಿಟ್ಟು ಅರ್ಧವೃತ್ತದ ನಾಳಕ್ಕೆ ಜಾರಿತ್ತು. ಎಪ್ಲಿ ವಿಧಾನದಂತೆ ತಲೆಯನ್ನು ಹಂತ ಹಂತವಾಗಿ ಎಡಕ್ಕೆ ಹೊರಳಿಸಿ ಎಬ್ಬಿಸಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಮಲಗಿಸಿದಾಗ ಕಣ್ಣು ಅಲುಗಲಿಲ್ಲ. "ಹರಕಿ ಮುಟ್ಟಿಸಾಕ ಹೋಗ್ಬೇಕ್ರಿ ಈಗ" ಅಂದರು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ ಅಂದೆ.

6. ಸರ್ಟಿಫಿಕೇಟಿಗೆ ಬಂದವರ ಮೇಲೆ ಮೊದಲೇ ಅನುಮಾನ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಮಾತಿನ ಧ್ವನಿಗಳಿಗೆ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಆದರೆ ಮಂದಗಿವುಡು. ಅಂಕೆ ಮುಟ್ಟಿಸಬೇಕೆಂದು ಕೆಲವರು ಕೇಳಿಸಿದರೂ ಗುಂಡಿ ಒತ್ತುವುದಿಲ್ಲ. ಆದರೆ ಬೆರಾ ಮಾಡಿದರೆ ಗುಂಡಿಯ ಹಂಗಿಲ್ಲ. ಹಾಗೆ ನಟಿಸಿದ ಹುಡುಗನೊಬ್ಬನಿಗೆ ಬೆರಾದಲ್ಲಿ ನಿಜವಾಗಿಯೂ 50ರ ಹತ್ತಿರದ ನಷ್ಟವೇ ಇತ್ತು. ಸರ್ಟಿಫಿಕೇಟು ಸಿಗಲಿಲ್ಲ, ಶ್ರವಣಯಂತ್ರ ಹಾಕಿಸಿಕೊಂಡು ಹೋದ.