ಪರೀಕ್ಷಿಸದ ಬಿಲ್ಲು

ಗದುಗಿನಿಂದ ಹುಬ್ಬಳ್ಳಿಯತ್ತ ಸಾಗುವ ದಾರಿಯಲ್ಲಿ ಹುಲಕೋಟಿ ಎಂಬ ಊರಿದೆ. ಆ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಬಿತ್ತನೆಯ ಹೊತ್ತಿಗೇ ನವರಾತ್ರಿಯೂ ಬರುತ್ತದೆ. ಖಂಡೇಪೂಜೆಯ ದಿನ ರೈತರು ನೇಗಿಲು, ಕುಂಟೆ, ಕೂರಿಗೆಗಳನ್ನು ತೊಳೆದು ಪೂಜಿಸುತ್ತಾರೆ. ಬಲ್ಲ ರೈತನು ಕೂರಿಗೆಗೆ ಕುಂಕುಮ ಹಚ್ಚಿದರಷ್ಟೇ ಸಾಲದೆಂದು ಅದರ ಬಿದಿರಿನ ಕೊಳವೆಗಳನ್ನೂ ನೋಡುತ್ತಾನೆ. ಒಂದು ಕೊಳವೆಯಲ್ಲಿ ಮಣ್ಣು ಕಟ್ಟಿದ್ದರೂ ಆ ಸಾಲಿಗೆ ಬೀಜ ಬೀಳದು. ಪೈರು ಮೊಳೆತಾಗ ಆ ಬರಿದಾದ ಸಾಲು ದಾರಿಹೋಕರಿಗೆಲ್ಲ ಕಾಣಿಸಿ, ಒಡೆಯನ ಅಜಾಗರೂಕತೆಯನ್ನು ಸಾರುತ್ತದೆ.

ಮರುದಿನ ವಿಜಯದಶಮಿ. ಜನರು ಬನ್ನಿಯ ಎಲೆಗಳನ್ನು ಪರಸ್ಪರ ಕೊಟ್ಟು, ಬಂಗಾರದಂತೆ ಬಾಳೋಣವೆಂದು ಹಾರೈಸುತ್ತಾರೆ. ಈ ಬನ್ನಿಯೊಂದಿಗೆ ಒಂದು ಬಿಲ್ಲಿನ ಕಥೆ ಹೆಣೆದುಕೊಂಡಿದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನಗರದ ಹೊರಗೆ ಬನ್ನಿಯ ಮರದಲ್ಲಿ ತಮ್ಮ ಆಯುಧಗಳನ್ನು ಬಚ್ಚಿಟ್ಟಿದ್ದರು. ಆ ವಿರಾಟಪರ್ವದ ಉತ್ತರಕುಮಾರನ ಪ್ರಸಂಗವನ್ನು 15ನೆಯ ಶತಮಾನದಲ್ಲಿ ಗದುಗಿನ ನಾರಣಪ್ಪನು, ಎಂದರೆ ಕುಮಾರವ್ಯಾಸನು, ಭಾಮಿನೀ ಷಟ್ಪದಿಯಲ್ಲಿ ಹಾಡಿ ಕನ್ನಡಿಗರನ್ನು ನಗಿಸಿದ್ದಾನೆ.

ಕೌರವರು ವಿರಾಟನ ಗೋವುಗಳನ್ನು ಹಿಡಿದಾಗ ಅರಸನು ಸೇನೆಯೊಡನೆ ಬೇರೊಂದು ಕಾಳಗಕ್ಕೆ ಹೋಗಿದ್ದನು. ಅರಮನೆಯಲ್ಲಿ ಉಳಿದಿದ್ದವನು ಮಗ ಉತ್ತರಕುಮಾರ. ತಕ್ಕ ಸಾರಥಿಯೊಬ್ಬ ದೊರೆತರೆ ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ಗೆಲ್ಲುವೆನೆಂದು ಅವನು ಹೆಂಗಳೆಯರ ಮುಂದೆ ಕೊಚ್ಚಿಕೊಂಡನು. ನಾಟ್ಯ ಕಲಿಸುತ್ತಿದ್ದ ಬೃಹನ್ನಳೆಯೇ ಸಾರಥಿಯಾದಳು. ಅವಳು ವೇಷ ಮರೆಸಿಕೊಂಡಿದ್ದ ಅರ್ಜುನನೆಂದು ಉತ್ತರನಿಗೆ ತಿಳಿಯದು. ವೈರಿಗಳ ಬಣ್ಣದ ಬಟ್ಟೆಗಳನ್ನು ಬೊಂಬೆಗಳಿಗೆಂದು ತರಬೇಕೆಂದು ಹುಡುಗಿಯರು ಹೇಳಿ ಕಳುಹಿಸಿದರು. ಬೆಲೆಬಾಳುವ ಬಿಲ್ಲುಗಳನ್ನು ಹೇರಿಕೊಂಡು ರಥ ಹೊರಟಿತು. ಆ ಬಿಲ್ಲುಗಳ ಬಲವನ್ನಾಗಲಿ, ಅವುಗಳ ಒಡೆಯನ ಎದೆಗಾರಿಕೆಯನ್ನಾಗಲಿ ಅಲ್ಲಿ ಯಾರೂ ಪರೀಕ್ಷಿಸಿರಲಿಲ್ಲ.

ಕಡಲಿನಂತಹ ಕೌರವಸೇನೆ ಕಣ್ಣಿಗೆ ಬಿದ್ದೊಡನೆ ಉತ್ತರನ ಮೈ ನಡುಗಿತು. ಬಿಲ್ಲನ್ನು ಬಿಸುಟು, ರಥದಿಂದ ಧುಮುಕಿ ಓಡಿದನು. ಜಡೆ ಹಾರಾಡುತ್ತಿರಲು ಬೃಹನ್ನಳೆ ಬೆನ್ನಟ್ಟಿದ ನೋಟವನ್ನು ಕಂಡು ಶತ್ರುಸೈನಿಕರೇ ನಕ್ಕರು. ನೂರು ಹೆಜ್ಜೆಯೊಳಗೆ ಸಿಕ್ಕಿಬಿದ್ದ ರಾಜಕುಮಾರನು ಹೊನ್ನು, ರತ್ನ, ಆನೆಗಳನ್ನು ಕೊಡುವೆನು, ತನ್ನನ್ನು ಬಿಟ್ಟುಬಿಡೆಂದು ಅಂಗಲಾಚಿದನು!

ಅರ್ಜುನನು ಅವನನ್ನು ಸಂತೈಸಿ ಬನ್ನಿಯ ಮರದ ಬಳಿಗೆ ಕರೆತಂದನು. ಉತ್ತರನು ತಂದ ಬಿಲ್ಲುಗಳು ತನ್ನ ತೋಳಿನ ಸೆಳೆತವನ್ನು ತಾಳಲಾರವೆಂದು ತಿಳಿಸಿ, ಮರದ ಮೇಲಿನ ಗಂಟನ್ನು ಇಳಿಸಲು ಹೇಳಿದನು. ಅಲ್ಲಿ ಹೆಣವಿದೆಯೆಂದು ಉತ್ತರನು ಮತ್ತೆ ಹೆದರಿದನು. ಗಂಟು ಬಿಚ್ಚಿದಾಗ ಹೊಳೆದದ್ದು ಗಾಂಡೀವ. ವರುಷದ ಹಿಂದೆ ಪಾಂಡವರು ಬಿಲ್ಲುಗಳ ಹೆದೆಯನ್ನು ಕಳಚಿಯೇ ಅವುಗಳನ್ನು ಅಲ್ಲಿ ಇರಿಸಿದ್ದರು. ಅರ್ಜುನನು ಹೆದೆಯೇರಿಸಿ ಮಿಡಿದಾಗ ದಿಕ್ಕುಗಳು ಮೊಳಗಿದವು.

ಇದು ಕವಿಕಲ್ಪನೆಯ ಮಾತಷ್ಟೇ ಅಲ್ಲ. ಮರದ ಬಿಲ್ಲನ್ನು ಸದಾ ಹೆದೆಯೇರಿಸಿಯೇ ಇಟ್ಟರೆ ಅದು ಬಾಗಿದಂತೆಯೇ ಉಳಿದು ಪುಟಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಬಾಣ ಹೂಡದೆ ಪೂರ್ತಿ ಸೆಳೆದು ಬಿಟ್ಟರೆ, ಬಾಣಕ್ಕೆ ಸೇರಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಮರಳಿ ಅದು ಸೀಳಿಹೋಗಬಹುದು. ಹೆದೆಯ ನೂಲು ಸವೆದಿರುವುದನ್ನು ಗಮನಿಸದೆ ಕಾಡಿಗೆ ಹೋದ ಬೇಟೆಗಾರನ ಪಾಡಂತೂ ನಗೆಪಾಟಲು. ಜಿಂಕೆ ಎದುರಿಗೆ ನಿಂತಿರುವಾಗಲೇ ಹೆದೆ ಹರಿಯುತ್ತದೆ. ಜಿಂಕೆ ಪೊದೆ ಸೇರುತ್ತದೆ, ಬೇಟೆಗಾರನು ಕೈ ಉಜ್ಜಿಕೊಳ್ಳುತ್ತಾನೆ. ಮುರಿದ ಬಿಲ್ಲಿನ ಚೂರು ಕಣ್ಣಿಗೆ ತಗುಲಿದರೆ ಆ ನಗೆಯೂ ಉಳಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆ ನಿಷಿದ್ಧವಾಗಿದೆ. ಆದರೆ ಕ್ರೀಡಾಂಗಣದ ಬಿಲ್ಲುಗಾರನಿಗೂ ಮೊದಲು ಬಿಲ್ಲನ್ನು ನೋಡು, ಅನಂತರ ಗುರಿಯನ್ನು ನೋಡು ಎಂಬ ನಿಯಮ ತಪ್ಪಿದ್ದಲ್ಲ.

ಉತ್ತರಕುಮಾರನು ಓಡಿಹೋದವನಾಗಿಯೇ ಉಳಿಯಲಿಲ್ಲ. ಅದೇ ರಥದ ಕಡಿವಾಣ ಹಿಡಿದು ಅರ್ಜುನನಿಗೆ ಸಾರಥಿಯಾದನು. ಗೋವುಗಳು ಮರಳಿದವು. ಗೆಲುವನ್ನು ತನ್ನದೆಂದೇ ತಂದೆಗೆ ಹೇಳಬಹುದೆಂದು ಅರ್ಜುನನು ಅವನಿಗೆ ತಿಳಿಸಿದ್ದನು. ಮಗನ ಪರಾಕ್ರಮವನ್ನು ವಿರಾಟನು ತುಂಬಿದ ಸಭೆಯಲ್ಲಿ ಕೊಂಡಾಡುತ್ತಲೂ ಇದ್ದನು. ಆದರೆ ಉತ್ತರನು, ಗೆದ್ದವನು ತಾನಲ್ಲ, ಹೆದರಿ ಓಡುತ್ತಿದ್ದ ತನ್ನನ್ನು ದೇವಕುಮಾರನೊಬ್ಬನು ತಡೆದು ನಿಲ್ಲಿಸಿ ಕಾದಿದನು ಎಂದು ತಂದೆಗೆ ತಿಳಿಸಿದನು. ಅಂದು ಬೆಳಿಗ್ಗೆ ಜಂಬ ಕೊಚ್ಚಿದ ನಾಲಿಗೆಯೇ ಈ ಸತ್ಯವನ್ನು ನುಡಿಯಿತು. ಪರೀಕ್ಷೆಗೆ ಒಳಗಾದ ಮೇಲೆ ಅವನು ತನ್ನ ಬಲವೆಷ್ಟೆಂಬುದನ್ನು ಅರಿತಿದ್ದನು.