ಕರೆದರೆ ಓಗೊಡುವ ಬೀಗದ ಕೈ

ಮನೆಯಿಂದ ಹೊರಡುವ ಹೊತ್ತಿಗೆ ಬೀಗದ ಕೈ ಕಾಣದಿರುವುದು ಎಲ್ಲರಿಗೂ ಪರಿಚಿತವಾದ ಪರದಾಟ. ದೃಷ್ಟಿ ಮಂದವಾದ ಹಿರಿಯರ ಕನ್ನಡಕವೇ ಕಾಣೆಯಾದರೆ ತೊಡಕು ಇನ್ನೂ ಹೆಚ್ಚು. ಹುಡುಕಲು ಬೇಕಾದ ವಸ್ತುವೇ ಕಳೆದುಹೋಗಿರುತ್ತದೆ. ಗುಂಡಿಯೊಂದನ್ನು ಒತ್ತಿದಾಗ ಇಂತಹ ವಸ್ತುಗಳು ಸದ್ದು ಮಾಡುವಂತೆ ಏರ್ಪಡಿಸುವ ಸಾಧನವನ್ನು, ಬೆಸುಗೆ ಹಾಕಲು ಬಲ್ಲವರು ಮನೆಯಲ್ಲಿಯೇ ತಯಾರಿಸಬಹುದು. ಮೊಬೈಲ್ ಫೋನಿನ ನೆರವಿನಿಂದ ಕೆಲಸ ಮಾಡುವ ಸಿದ್ಧ ಸಾಧನಗಳು ಮಾರುಕಟ್ಟೆಯಲ್ಲಿವೆ. ಆದರೆ ಫೋನ್ ಬಳಕೆ ತಿಳಿಯದ ಅಜ್ಜಿಗೆ ಒಂದು ಗುಂಡಿಯೇ ಅನುಕೂಲ.

ಚಪ್ಪಾಳೆಗೆ ಅಥವಾ ಸೀಟಿಗೆ ಉತ್ತರಿಸುವ ಮಂಡಲಗಳು ಹವ್ಯಾಸಿಗಳಿಗೆ ಹಳೆಯ ಪರಿಚಯ. ಅವು ಕುಕ್ಕರಿನ ಸೀಟಿಗೂ ಓಗೊಡುತ್ತವೆ! ಆದ್ದರಿಂದ ರೇಡಿಯೋ ತರಂಗವೇ ಮೇಲು. ಭಾರತದಲ್ಲಿ 433ರಿಂದ 434 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಗರಿಷ್ಠ 10 ಮಿಲಿವಾಟ್ ಸಾಮರ್ಥ್ಯದ ಸಾಧನಗಳನ್ನು ಒಳಾಂಗಣದಲ್ಲಿ ಪರವಾನಗಿಯಿಲ್ಲದೆ ಬಳಸಬಹುದು. ಈ ಆವರ್ತಾಂಕದ ಪ್ರೇಷಕ ಮತ್ತು ಗ್ರಾಹಕ ಬಿಲ್ಲೆಗಳು ನಾಗಪುರದ ಸೀತಾಬರ್ಡಿ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ದೊರೆಯುತ್ತವೆ. ಪ್ರೇಷಕಕ್ಕೆ 12 ವೋಲ್ಟ್ ಕೊಟ್ಟರೆ ಮಿತಿ ಮೀರುವ ಸಂಭವವಿದೆ. 3 ವೋಲ್ಟ್ ಸಾಕು. ಆಂಟೆನಾಗೆ 17.3 ಸೆಂಟಿಮೀಟರ್ ತಂತಿ ಬೇಕು. ಇದು ತರಂಗದೂರದ ಕಾಲು ಭಾಗ.

ನಾಗಪುರದ ಮನೀಶ್ ನಗರದಂತೆ ಮನೆಗಳು ಒತ್ತೊತ್ತಾಗಿರುವ ಬಡಾವಣೆಗಳಲ್ಲಿ ಪಕ್ಕದ ಮನೆಯ ನಿಸ್ತಂತು ಕರೆಗಂಟೆಯೂ ಇದೇ ಪಟ್ಟಿಯಲ್ಲಿರಬಹುದು. ಆದಕಾರಣ ಪ್ರತಿ ವಸ್ತುವಿಗೂ ಪ್ರತ್ಯೇಕ ಸಂಕೇತ ಸಂಖ್ಯೆ ಅಗತ್ಯ. 16 ಬಿಟ್‌ಗಳ ಸಂಕೇತವಾದರೆ 65,536 ಸಂಖ್ಯೆಗಳು ಲಭ್ಯ. ಈ ಕೆಲಸವನ್ನು ಎರಡೂ ಕಡೆ ಒಂದೊಂದು ಚಿಕ್ಕ ಮೈಕ್ರೋಕಂಟ್ರೋಲರ್ ಮಾಡುತ್ತದೆ.

ನಿಜವಾದ ಕಷ್ಟ ವಿದ್ಯುತ್ತಿನದು. ಪ್ರೇಷಕ ಗುಂಡಿ ಒತ್ತಿದಾಗ ಮಾತ್ರ ಎಚ್ಚರಗೊಳ್ಳುತ್ತದೆ. ಕಳೆದ ವಸ್ತುವಿನಲ್ಲಿರುವ ಗ್ರಾಹಕವಾದರೋ ಹಗಲಿರುಳು ಕಿವಿಗೊಟ್ಟಿರಬೇಕು. ಸುಮಾರು 4 ಮಿಲಿಆಂಪಿಯರ್ ಬಳಸುವ ಗ್ರಾಹಕಕ್ಕೆ 220 ಮಿಲಿಆಂಪಿಯರ್-ಗಂಟೆಯ ನಾಣ್ಯಾಕಾರದ ಸೆಲ್ ಹಾಕಿದರೆ 55 ಗಂಟೆಗೇ ಮುಗಿಯುತ್ತದೆ. ಅನೇಕರು ಮೊದಲ ಪ್ರಯತ್ನದಲ್ಲಿಯೇ ಬೇಸತ್ತು ಕೈಬಿಡುವುದು ಇಲ್ಲಿ. ಪರಿಹಾರ ಸರಳ: ಗ್ರಾಹಕವು 2 ಸೆಕೆಂಡಿಗೊಮ್ಮೆ 0.1 ಸೆಕೆಂಡು ಮಾತ್ರ ಎಚ್ಚರವಿದ್ದು ಉಳಿದಂತೆ ನಿದ್ರಿಸಲಿ. ಸರಾಸರಿ ಬಳಕೆ 0.2 ಮಿಲಿಆಂಪಿಯರಿಗೆ ಇಳಿಯುತ್ತದೆ. ಆ ಅಲ್ಪ ಅವಧಿಯಲ್ಲಿ ಕರೆ ತಪ್ಪದಿರಲು, 0.03 ಸೆಕೆಂಡಿನ ಸಂಕೇತವನ್ನು ಪ್ರೇಷಕವು ಮೂರು ಸೆಕೆಂಡು ಎಡೆಬಿಡದೆ ಪುನರಾವರ್ತಿಸಬೇಕು. ಟಿವಿ ರಿಮೋಟಿನ ಸಣ್ಣ ಸೆಲ್ ಎರಡನ್ನು ಸಾಲಾಗಿ ಜೋಡಿಸಿದರೆ ಸುಮಾರು 1000 ಮಿಲಿಆಂಪಿಯರ್-ಗಂಟೆ ದೊರೆಯುವುದರಿಂದ, ಲೆಕ್ಕದ ಪ್ರಕಾರ 208 ದಿನ. ವೋಲ್ಟೇಜ್ ಕುಸಿಯುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆ.

ಬೀಗದ ಕೈಗೊಂಚಲು ಇದರಿಂದ ತುಸು ದಪ್ಪವಾಗುತ್ತದೆ, ನಿಜ. ಆದರೂ ಪುಟ್ಟ ಮಕ್ಕಳಿರುವ ಮನೆಯಲ್ಲಿ ನಾಣ್ಯಾಕಾರದ ಲಿಥಿಯಂ ಸೆಲ್ ಬೇಡವೇ ಬೇಡ. ಮಗು ಅದನ್ನು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ವಿದ್ಯುತ್ ಪ್ರವಾಹದಿಂದ ಅಲ್ಲಿ ಕ್ಷಾರ ಉತ್ಪತ್ತಿಯಾಗಿ ಎರಡೇ ಗಂಟೆಯಲ್ಲಿ ತೀವ್ರವಾದ ಸುಟ್ಟಗಾಯವಾಗಬಲ್ಲದು. ಅಂತಹ ಸಂದರ್ಭದಲ್ಲಿ ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಸಾಧನದ ಸೆಲ್ ಯಾವುದೇ ಇರಲಿ, ಅದರ ಮುಚ್ಚಳವನ್ನು ತಿರುಪುಮೊಳೆಯಿಂದ ಬಿಗಿಯಬೇಕು.

ಸದ್ದು ಕೇಳಿಸಿದರಷ್ಟೇ ಸಾಲದು, ಅದರ ದಿಕ್ಕೂ ತಿಳಿಯಬೇಕು. ಶಬ್ದವು ಎರಡು ಕಿವಿಗಳನ್ನು ತಲುಪುವ ಕಾಲದಲ್ಲಿ ಇರುವ ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಮಿದುಳು ಅದನ್ನೂ, ಎರಡು ಕಿವಿಗಳಲ್ಲಿನ ಶಬ್ದತೀವ್ರತೆಯ ಭೇದವನ್ನೂ ಬಳಸಿ ದಿಕ್ಕನ್ನು ಗುರುತಿಸುತ್ತದೆ. ಒಂದೇ ಸಮನೆ ಕೂಗುವ ಬಜರ್ ಎಲ್ಲಿದೆಯೆಂದು ಹೇಳುವುದು ಕಠಿಣ. ಬಿಟ್ಟು ಬಿಟ್ಟು ಕೂಗಿದರೆ ಪ್ರತಿ ಬಾರಿಯೂ ಸದ್ದಿನ ಆರಂಭವೇ ಸುಳಿವು ನೀಡುತ್ತದೆ. ವಯಸ್ಸಾದಂತೆ ಎತ್ತರದ ಸ್ವರಗಳು ಮೊದಲು ಕೇಳದಾಗುವುದರಿಂದ, ತೀರ ಕೀಚಲು ಧ್ವನಿಯ ಬಜರನ್ನು ಆರಿಸಬಾರದು. ಅಂಗಡಿಯಲ್ಲಿಯೇ ಮನೆಯ ಹಿರಿಯರಿಗೆ ಕೇಳಿಸಿ ಕೊಳ್ಳುವುದು ಲೇಸು. ಸಿದ್ಧವಾದ ಸಾಧನವನ್ನು ದಿಂಬಿನಡಿ, ಬಟ್ಟೆಯ ರಾಶಿಯೊಳಗೆ, ಪಕ್ಕದ ಕೋಣೆಯಲ್ಲಿ ಇಟ್ಟು ಪರೀಕ್ಷಿಸಬೇಕು. ಬಾಗಿಲು ಮುಚ್ಚಿದ ಉಕ್ಕಿನ ಬೀರುವಿನೊಳಗೆ ರೇಡಿಯೋ ತರಂಗ ಸುಲಭವಾಗಿ ಹೊಗಲಾರದು. ಅಲ್ಲಿ ಮಾತ್ರ ಬಾಗಿಲು ತೆರೆದೇ ಹುಡುಕಬೇಕಾಗುತ್ತದೆ.