ನಾಳೆ ಸೂರ್ಯ ಹುಟ್ಟದಿದ್ದರೆ ಹಾಲು ಎಷ್ಟು ದಿನ?



ಒಂದು ಕಲ್ಪನೆ ಮಾಡಿಕೊಳ್ಳಿ. ನಾಳೆ ಎಂದಿನಂತೆ ಐದು ಗಂಟೆಗೆ ಏಳುತ್ತೀರಿ. ಆರಾಯಿತು, ಏಳಾಯಿತು, ಮೂಡಣದಲ್ಲಿ ಬೆಳಕೇ ಇಲ್ಲ. ದೀಪ ಹಾಕಿಕೊಂಡು ಹಸು ಕರೆದು ಕತ್ತಲಲ್ಲೇ ಸಂಘಕ್ಕೆ ಹೋಗುತ್ತೀರಿ. ಆ ದಿನ ಹಾಲು ಎಷ್ಟು ಬಂದೀತು?

ನಿನ್ನೆ ಬಂದಷ್ಟೇ ಬರುತ್ತದೆ. ಏಕೆಂದರೆ ನೀವು ಕರೆದದ್ದು ಹಿಂದಿನ ಬಿಸಿಲನ್ನು.

ಹುಲ್ಲಿನ ಎಲೆಯಲ್ಲಿರುವ ಹಸಿರು ದ್ರವ್ಯ, ಅಂದರೆ ಪತ್ರಹರಿತ್ತು, ಬಿಸಿಲಿನ ಶಕ್ತಿಯಿಂದ ನೀರನ್ನೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನೂ ಸೇರಿಸಿ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆಯೇ ಮುಂದೆ ನಾರು, ಪಿಷ್ಟ, ಕಾಳು ಆಗುತ್ತದೆ. ನಾರನ್ನು ನಾವು ಅರಗಿಸಿಕೊಳ್ಳಲಾರೆವು. ಹಸುವಿನ ದೊಡ್ಡ ಹೊಟ್ಟೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಹೀಗೆ ನೀವು ಇಂದು ಹಾಕಿದ ಹಸಿರು ಮೇವು ಕಳೆದ ಒಂದೆರಡು ತಿಂಗಳ ಬಿಸಿಲು. ರಾಗಿ ಹುಲ್ಲು ಕಳೆದ ಸುಗ್ಗಿಯ ಬಿಸಿಲು. ಪಶು ಆಹಾರದಲ್ಲಿರುವ ಜೋಳ, ಹಿಂಡಿ ಬಹುಶಃ ಹೋದ ವರ್ಷದ್ದು. ಹಾಲು ತಂಪು ಮಾಡುವ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದಿದ್ದರೆ ಅದು ಕೋಟಿಗಟ್ಟಲೆ ವರ್ಷ ಹಳೆಯ ಬಿಸಿಲು. ಸೂರ್ಯನ ಪಾಸ್‌ಬುಕ್ಕಿನಲ್ಲಿ ಜಮೆಯಾದದ್ದನ್ನು ನಾವು ದಿನವೂ ಸ್ವಲ್ಪ ಸ್ವಲ್ಪ ತೆಗೆದು ಖರ್ಚು ಮಾಡುತ್ತಿದ್ದೇವೆ.

ಈಗ ಜಮೆ ನಿಂತಿತೆಂದು ತಿಳಿಯಿರಿ. ಹೊಲದಲ್ಲಿರುವ ಮೇವು ಅಂದೇ ಒಣಗುವುದಿಲ್ಲ. ಆದರೆ ಕತ್ತಲಲ್ಲಿ ಗಿಡವೂ ಉಸಿರಾಡಬೇಕಲ್ಲ, ಅದಕ್ಕಾಗಿ ತನ್ನಲ್ಲಿರುವ ಸಕ್ಕರೆಯನ್ನೇ ಸುಡುತ್ತದೆ. ಬೆಳೆಯಬೇಕಾದ ಮೇವು ಸವೆಯುತ್ತಾ ಹೋಗುತ್ತದೆ. ನೀರು ಆವಿಯಾಗುವುದು ತಗ್ಗಿ ಮಳೆಯೂ ನಿಲ್ಲುತ್ತದೆ. ಒಂದು ವಾರದ ಸುಮಾರಿಗೆ ಭೂಮಿಯ ಮೇಲ್ಮೈಯ ಸರಾಸರಿ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿಳಿಯುತ್ತದೆ ಎಂಬುದು ವಿಜ್ಞಾನಿಗಳ ಲೆಕ್ಕ. ಚಳಿಯಲ್ಲಿ ಹಸು ಮೈ ಬಿಸಿ ಇಟ್ಟುಕೊಳ್ಳಲು ಹೆಚ್ಚು ಮೇವು ಬೇಡುತ್ತದೆ. ಹೊಸ ಮೇವಿಲ್ಲ, ಇರುವ ಬಣವೆ ಬೇಗ ಕರಗುತ್ತದೆ.

ಗಾಬರಿ ಬೇಡ. ಸೂರ್ಯ ಹುಟ್ಟುವುದೆಂದರೆ ಭೂಮಿ ತಿರುಗುವುದು, ಅದು ನಿಲ್ಲುವುದಿಲ್ಲ. ಸೂರ್ಯನಿಗೂ ಇನ್ನು ಸುಮಾರು 500 ಕೋಟಿ ವರ್ಷ ಆಯುಸ್ಸಿದೆ. ಆದರೆ ಬಿಸಿಲು ಸ್ವಲ್ಪವೇ ಮಂಕಾದರೂ ಏನಾಗುತ್ತದೆಂಬುದು ನಡೆದ ಸಂಗತಿ.

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೊರಾ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಗಂಧಕದ ಅನಿಲ ಆಕಾಶದ ಎತ್ತರದಲ್ಲಿ ತೆಳುವಾದ ಪರದೆಯಂತೆ ಹರಡಿತು. ಸೂರ್ಯ ದಿನವೂ ಹುಟ್ಟಿದ, ಬಿಸಿಲು ಮಾತ್ರ ತುಸು ಕಡಿಮೆಯಾಯಿತು. ಜಗತ್ತಿನ ಸರಾಸರಿ ಉಷ್ಣತೆ ಇಳಿದದ್ದು ಅರ್ಧ ಡಿಗ್ರಿಯ ಆಸುಪಾಸು. ಅಷ್ಟಕ್ಕೇ 1816 ‘ಬೇಸಿಗೆ ಇಲ್ಲದ ವರ್ಷ’ ಎನಿಸಿತು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಜೂನ್ ತಿಂಗಳಲ್ಲೇ ಹಿಮ ಬಿತ್ತು. ಮುಸುಕಿನ ಜೋಳ ಕೈಗೆ ಹತ್ತಲಿಲ್ಲ, ಹುಲ್ಲು ಬೆಳೆಯಲಿಲ್ಲ. ಒಣಹುಲ್ಲಿನ ಬೆಲೆ ಏರಿತು. ಮುಂದಿನ ಚಳಿಗಾಲಕ್ಕೆ ಮೇವಿಲ್ಲದೆ ಅನೇಕ ರೈತರು ದನಗಳನ್ನು ಮಾರಿದರು, ಇಲ್ಲವೇ ಕಡಿದರು.

ನಮ್ಮಲ್ಲಿ ಆಗುವುದು ಬೇರೆ ಬಗೆ. ಬಿಸಿಲಿಗೆ ಬರವಿಲ್ಲ, ನೀರಿಗೆ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬಿಸಿಲೊಂದಿದ್ದು ನೀರಿಲ್ಲದಿದ್ದರೂ ಎಲೆ ಸಕ್ಕರೆ ಮಾಡಲಾರದು. ಕೊಟ್ಟಿಗೆಯ ಮಟ್ಟಿಗೆ ಎರಡೂ ಒಂದೇ: ಹಿಂದೆ ಕೂಡಿಟ್ಟದ್ದರ ಮೇಲೆಯೇ ದಿನ ದೂಡಬೇಕು.

ಆದ್ದರಿಂದ ಇಂದೇ ನಿಮ್ಮ ಬಣವೆಯ ಮುಂದೆ ನಿಂತು ಲೆಕ್ಕ ಹಾಕಿ. 400 ಕೆ.ಜಿ. ತೂಕದ ಹಸುವಿಗೆ ದಿನಕ್ಕೆ ಸುಮಾರು 10ರಿಂದ 12 ಕೆ.ಜಿ. ಒಣ ಪದಾರ್ಥ ಬೇಕು. ಹೊಲದಿಂದ ಒಂದು ಹಿಡಿ ಹಸಿರೂ ಬರದಿದ್ದರೆ ಎಷ್ಟು ದಿನ ನಡೆದೀತು? ಬಹಳ ಮಂದಿಗೆ ಈ ಉತ್ತರ ಹಿತವೆನಿಸಲಾರದು. ಬಣವೆ ಇದ್ದರೂ ಬರಿಯ ರಾಗಿ ಹುಲ್ಲಿನಲ್ಲಿ ಹಸು ಬದುಕೀತೇ ಹೊರತು ಹಾಲು ನಿಲ್ಲುವುದಿಲ್ಲ.

ಹಸಿರನ್ನು ಹಸಿರಾಗಿಯೇ ಕೂಡಿಡುವ ದಾರಿ ರಸಮೇವು. ಒಂದು ಹಸುವಿಗೆ ದಿನಕ್ಕೆ 20 ಕೆ.ಜಿ.ಯಂತೆ ಮೂರು ತಿಂಗಳಿಗೆ 1,800 ಕೆ.ಜಿ. ಸಾಕು. ಒಂದು ಘನ ಮೀಟರ್ ಗುಂಡಿಯಲ್ಲಿ ಚೆನ್ನಾಗಿ ತುಳಿದರೆ 500 ಕೆ.ಜಿ.ಯಷ್ಟು ಹಿಡಿಯುತ್ತದೆ. ಅಂದರೆ 2 ಮೀಟರ್ ಉದ್ದ, 1.2 ಮೀಟರ್ ಅಗಲ, 1.5 ಮೀಟರ್ ಆಳದ ಗುಂಡಿ. ನೀರು ನಿಲ್ಲದ ಎತ್ತರದ ಜಾಗದಲ್ಲಿ ತೋಡಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಮುಸುಕಿನ ಜೋಳವನ್ನು ಕಾಳು ಹಾಲುಗಟ್ಟಿ ಗಟ್ಟಿಯಾಗತೊಡಗಿದಾಗ ಕೊಯ್ಯಿರಿ. ತೀರಾ ಹಸಿಯಿದ್ದರೆ ಅರ್ಧ ದಿನ ಬಾಡಿಸಿ. ಒಂದು ಅಂಗುಲಕ್ಕಿಂತ ಉದ್ದವಾಗದಂತೆ ಕತ್ತರಿಸಿ, ಪದರ ಪದರವಾಗಿ ತುಂಬಿ ತುಳಿಯಿರಿ. ಒಳಗೆ ಗಾಳಿ ಉಳಿದರೆ ಬೂಷ್ಟು ಬಂದು ಶ್ರಮವೆಲ್ಲ ವ್ಯರ್ಥ. ಹಾಳೆ ಮುಚ್ಚಿ ಮಣ್ಣು ಹೇರಿ, 45 ದಿನ ಮುಟ್ಟಬೇಡಿ.

ತೆರೆದ ಮೇಲೆ ಒಂದೇ ಬದಿಯಿಂದ ಆ ದಿನಕ್ಕೆ ಬೇಕಾದಷ್ಟನ್ನು ತೆಗೆದು ಕೂಡಲೇ ಮುಚ್ಚಿ. ಬೂಷ್ಟು ಕಂಡ ಭಾಗವನ್ನು ಹಾಕಬೇಡಿ. ರಸಮೇವನ್ನು ಹಾಲು ಕರೆದ ನಂತರವೇ ಕೊಡಿ, ಮೊದಲು ಕೊಟ್ಟರೆ ಅದರ ವಾಸನೆ ಹಾಲಿಗೆ ಹತ್ತುತ್ತದೆ.